ತಾಲೂಕು ಆಸ್ಪತ್ರೆಯಲ್ಲಿ ಸೆಪ್ಸಿಸ್: ಕಲ್ಚರ್ ವರದಿ ಬರುವ ಮುಂಚೆ ಯಾವ ಆಂಟಿಬಯೋಟಿಕ್?

ಘಟ್ಟದ ಫಿಸಿಷಿಯನ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಘಟ್ಟದ ಮೇಲಿನ ಒಂದು ತಾಲೂಕು ಆಸ್ಪತ್ರೆಯಲ್ಲಿ ಸೆಪ್ಸಿಸ್‌ಗೆ (ಸೋಂಕು ವಿಪರೀತಕ್ಕೆ ಹೋಗಿ ಅಂಗಾಂಗಗಳನ್ನು ಕೆಡಿಸುವ ಸ್ಥಿತಿ) ಸಂಬಂಧಿಸಿದ ಪ್ರಶ್ನೆ. ಇಲ್ಲಿ ನಾಲ್ಕು ಹಾಸಿಗೆಯ ಐಸಿಯು ಇದೆ, ಕಲ್ಚರ್ (ರಕ್ತ, ಮೂತ್ರದಿಂದ ರೋಗಾಣು ಬೆಳೆಸಿ ಗುರುತಿಸುವ) ಲ್ಯಾಬ್ ಇಲ್ಲ. ಬಾಟಲಿ ಜಿಲ್ಲಾ ಕೇಂದ್ರಕ್ಕೆ ಹೋಗಿ ವರದಿ ಕೈಗೆ ಬರುವಷ್ಟರಲ್ಲಿ ಮೂರರಿಂದ ಐದು ದಿನ. ಸ್ಟೋರಿನಲ್ಲಿ ಸೆಫ್ಟ್ರಿಯಾಕ್ಸೋನ್, ಅಮಿಕಾಸಿನ್, ಪಿಪೆರಾಸಿಲಿನ್-ಟಾಜೋಬ್ಯಾಕ್ಟಮ್, ಅಜಿಥ್ರೋಮೈಸಿನ್, ಡಾಕ್ಸಿಸೈಕ್ಲಿನ್, ಲೆವೊಫ್ಲಾಕ್ಸಾಸಿನ್, ವ್ಯಾಂಕೊಮೈಸಿನ್ ಇವೆ. ಮೆರೊಪೆನೆಮ್ ಇದೆ, ಆದರೆ ಎಣಿಸಿ ಬಳಸುವಷ್ಟು.

ಮಳೆಗಾಲದಲ್ಲಿ ಮನೆಯಿಂದಲೇ ಗಂಭೀರ ಸ್ಥಿತಿಯಲ್ಲಿ ಬರುವವರು ಹೆಚ್ಚಾಗಿ ಮೂರು ಬಗೆ:

1. ಸಕ್ಕರೆ ಕಾಯಿಲೆ ಇರುವ ಮಧ್ಯವಯಸ್ಸಿನ ಹೆಂಗಸರು. ಚಳಿಜ್ವರ, ಪಕ್ಕೆ ನೋವು, ಉರಿಮೂತ್ರ, ಬಿಪಿ 80/50.
2. ಗದ್ದೆ, ತೋಟದಲ್ಲಿ ದುಡಿಯುವವರು. ಆರೇಳು ದಿನದ ಜ್ವರ, ಪ್ಲೇಟ್‌ಲೆಟ್ 50-60 ಸಾವಿರ, ಲಿವರ್ ಎನ್‌ಜೈಮ್ ಮತ್ತು ಕ್ರಿಯಾಟಿನಿನ್ (ಕಿಡ್ನಿಯ ಅಳತೆ) ಏರಿಕೆ, ಕೆಲವರಿಗೆ ಏದುಸಿರು. ಡೆಂಗ್ಯೂ, ಮಲೇರಿಯಾ ಎರಡೂ ನೆಗೆಟಿವ್.
3. ಎಕ್ಸ್-ರೇಯಲ್ಲಿ ಶ್ವಾಸಕೋಶದ ಒಂದು ಹಾಲೆ (ಭಾಗ) ಪೂರ್ತಿ ಬಿಳಿ, ಆಕ್ಸಿಜನ್ ಮಟ್ಟ 85, ಉಸಿರು ನಿಮಿಷಕ್ಕೆ 36. ನ್ಯುಮೋನಿಯಾ ಎಂಬುದರಲ್ಲಿ ಅನುಮಾನವಿಲ್ಲ.

ಒಂದು ವಾದ: ರೆಸಿಸ್ಟೆನ್ಸ್ (ರೋಗಾಣು ಔಷಧಕ್ಕೆ ಬಗ್ಗದಿರುವುದು) ಇಷ್ಟು ಹೆಚ್ಚಿರುವಾಗ ಮೂವರಿಗೂ ಮೆರೊಪೆನೆಮ್ ಹಾಕಿ, ವರದಿ ಬಂದ ಮೇಲೆ ಇಳಿಸೋಣ. ಇನ್ನೊಂದು ವಾದ: ಎಲ್ಲರಿಗೂ ಸೆಫ್ಟ್ರಿಯಾಕ್ಸೋನ್, ಎರಡು ದಿನದಲ್ಲಿ ಇಳಿಯದಿದ್ದರೆ ಬದಲಾಯಿಸೋಣ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ರೆಸಿಸ್ಟೆನ್ಸ್ ವರದಿ ನೋಡಿದರೆ ಮೊದಲನೆಯದೇ ಸರಿ ಅನಿಸುತ್ತದೆ. ನೀವು ಹೇಗೆ ಆರಿಸುತ್ತೀರಿ? ಡೋಸ್ ಸಮೇತ ಹೇಳಿದರೆ ಉಪಕಾರ.

---

ಸೋಂಕುರೋಗ ತಜ್ಞೆ

ಡಾಕ್ಟ್ರೇ, ಮೂವರಿಗೂ ಒಂದೇ ಔಷಧ ಎನ್ನುವಲ್ಲೇ ಎರಡೂ ವಾದಗಳು ಎಡವುತ್ತಿವೆ. ಮೆರೊಪೆನೆಮ್ ಎಲ್ಲರಿಗೂ ಕೊಟ್ಟರೆ ರೆಸಿಸ್ಟೆನ್ಸ್ ಬೆಳೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅದಕ್ಕಿಂತ ಹತ್ತಿರದ ಅಪಾಯ ಬೇರೆ ಇದೆ: ನಿಮ್ಮ ಎರಡನೇ ಗುಂಪಿನ ರೋಗಿಗೆ ಅದು ಕೆಲಸವೇ ಮಾಡದಿರಬಹುದು. ಸ್ಕ್ರಬ್ ಟೈಫಸ್ (ಪೊದೆಗಳ ಸಣ್ಣ ಹುಳ ಕಚ್ಚಿ ಬರುವ ಜ್ವರ) ತರುವ ಒರಿಯೆನ್ಶಿಯಾ ಬ್ಯಾಕ್ಟೀರಿಯಾ ನಮ್ಮ ಜೀವಕೋಶಗಳ ಒಳಗೆ ಸೇರಿಕೊಂಡು ಬದುಕುತ್ತದೆ. ಪೆನಿಸಿಲಿನ್, ಸೆಫಲೋಸ್ಪೋರಿನ್, ಕಾರ್ಬಪೆನೆಮ್ (ಮೆರೊಪೆನೆಮ್ ಸೇರಿದ ಗುಂಪು) ಯಾವುದಕ್ಕೂ ಅದು ಬಗ್ಗುವುದಿಲ್ಲ. ಸ್ಟೋರಿನ ಅತಿ ದುಬಾರಿ ಔಷಧ ಹನಿಯುತ್ತಿರುವಾಗಲೇ ರೋಗಿ ಕೈತಪ್ಪಿ ಹೋಗುವುದು ಹೀಗೆ. ಇಂಥಲ್ಲಿ ಜೀವ ಉಳಿಸುವುದು ಡಾಕ್ಸಿಸೈಕ್ಲಿನ್.

ಹಾಗಾಗಿ ಆಯ್ಕೆಗೆ ಮುಂಚೆ ಮೂರು ವಿಷಯ ಕೇಳಿಕೊಳ್ಳಬೇಕು. ಸೋಂಕು ದೇಹದ ಯಾವ ಜಾಗದ್ದು? ಕಳೆದ 90 ದಿನಗಳಲ್ಲಿ ಆಸ್ಪತ್ರೆ ವಾಸ, ಐವಿ ಆಂಟಿಬಯೋಟಿಕ್, ಕ್ಯಾಥೆಟರ್ ಅಥವಾ ಹಳೆಯ ಕಲ್ಚರ್ ವರದಿ ಇದೆಯೇ? ರೋಗಿ ಶಾಕ್‌ನಲ್ಲಿದ್ದಾರೆಯೇ, ಅಂದರೆ ಬಿಪಿ ಕುಸಿದಿದೆಯೇ? ಶಾಕ್ ಇದ್ದರೆ ಒಂದು ಗಂಟೆಯೊಳಗೆ ಮೊದಲ ಡೋಸ್ ಒಳಹೋಗಬೇಕು, ಊಹೆ ತಪ್ಪುವುದಕ್ಕೆ ಅಲ್ಲಿ ಜಾಗವಿಲ್ಲ. ಶಾಕ್ ಇಲ್ಲದೆ ಸೋಂಕೇ ಹೌದೋ ಅಲ್ಲವೋ ಎಂಬ ಅನುಮಾನವಿದ್ದರೆ, 2021ರ ಸರ್ವೈವಿಂಗ್ ಸೆಪ್ಸಿಸ್ ಮಾರ್ಗಸೂಚಿಯೇ ತನಿಖೆಗೆ ಮೂರು ಗಂಟೆಯವರೆಗೆ ಅವಕಾಶ ಕೊಡುತ್ತದೆ. ಆ ಮೂರು ಗಂಟೆಯನ್ನು ಪೂರ್ತಿ ಬಳಸಿಕೊಳ್ಳಿ.

ಮೊದಲನೇ ಗುಂಪು, ಅಂದರೆ ಮೂತ್ರದ ಸೋಂಕಿನ ಸೆಪ್ಸಿಸ್. ನಿಮ್ಮ ಹತ್ತಿರ ಮೆರೊಪೆನೆಮ್ ನಿಜವಾಗಿ ಬೇಕಾದವರು ಇವರು. ಭಾರತದಲ್ಲಿ ಮೂತ್ರದ ಈ ಕೋಲೈ (E. coli) ಬ್ಯಾಕ್ಟೀರಿಯಾದಲ್ಲಿ ಇಎಸ್‌ಬಿಎಲ್ (ಸೆಫ್ಟ್ರಿಯಾಕ್ಸೋನ್‌ನಂಥ ಔಷಧಗಳನ್ನು ಒಡೆಯುವ ಕಿಣ್ವ), ಅದರಲ್ಲೂ ಸಿಟಿಎಕ್ಸ್-ಎಂ-15 ಎಂಬ ಬಗೆ, ಎಷ್ಟು ಹಬ್ಬಿದೆಯೆಂದರೆ ಆಸ್ಪತ್ರೆಯ ಮೆಟ್ಟಿಲು ಹತ್ತದವರಲ್ಲೂ ಸೆಫ್ಟ್ರಿಯಾಕ್ಸೋನ್ ನಂಬುವಂತಿಲ್ಲ. ಶಾಕ್‌ನಲ್ಲಿದ್ದರೆ ಮೆರೊಪೆನೆಮ್ 1 ಗ್ರಾಂ ತಕ್ಷಣ, ಮುಂದೆ 8 ಗಂಟೆಗೊಮ್ಮೆ. ಜೊತೆಗೆ ಅಮಿಕಾಸಿನ್ ಪ್ರತಿ ಕೆಜಿಗೆ 15 ಮಿಗ್ರಾಂನಂತೆ ಒಂದೇ ಡೋಸ್ ಕೊಡುವುದನ್ನು ನಾನು ಒಪ್ಪುತ್ತೇನೆ. ಕಾರ್ಬಪೆನೆಮ್‌ಗೂ ಬಗ್ಗದ ಕೆಲವು ತಳಿಗಳನ್ನು ಅದು ಹಿಡಿಯುತ್ತದೆ, ಮೂತ್ರಪಿಂಡದಲ್ಲಿ ಚೆನ್ನಾಗಿ ಶೇಖರವಾಗುತ್ತದೆ, ಒಂದು ಡೋಸಿನಿಂದ ಕಿಡ್ನಿಗೆ ಹಾನಿ ಅಪರೂಪ. ಬಿಪಿ ಸರಿ ಇದ್ದು, ಕ್ರಿಯಾಟಿನಿನ್ ಸರಿ ಇದ್ದು, ಬರೀ ಜ್ವರ ಮತ್ತು ಪಕ್ಕೆ ನೋವಿನವರಿಗೆ ಮೆರೊಪೆನೆಮ್ ಮುಟ್ಟಬೇಡಿ. ದಿನಕ್ಕೊಮ್ಮೆ ಅಮಿಕಾಸಿನ್ ಸಾಕು. ಇಂಡೆಂಟ್ ಹಾಕಿ ಎರ್ಟಪೆನೆಮ್ ತರಿಸಿಕೊಂಡರೆ ಇನ್ನೂ ಒಳ್ಳೆಯದು, ದಿನಕ್ಕೆ 1 ಗ್ರಾಂ ಒಂದೇ ಸಲ. ಆದರೆ ಶಾಕ್ ಇರುವವರಿಗೆ, ಅಲ್ಬುಮಿನ್ ತೀರಾ ಕಡಿಮೆ ಇರುವವರಿಗೆ ಎರ್ಟಪೆನೆಮ್ ಬೇಡ. ಅದು ಪ್ರೋಟೀನಿಗೆ ಬಲವಾಗಿ ಅಂಟುವ ಔಷಧ. ಅಲ್ಬುಮಿನ್ ಇಳಿದಾಗ ಬೇಗ ದೇಹದಿಂದ ಹೊರಹೋಗುತ್ತದೆ.

ಪಿಪೆರಾಸಿಲಿನ್-ಟಾಜೋಬ್ಯಾಕ್ಟಮ್ ಇಲ್ಲಿ ಏಕೆ ಬೇಡ ಎಂದು ಮುಂದಿನ ಪ್ರಶ್ನೆ ಬಂದೇ ಬರುತ್ತದೆ. 2018ರಲ್ಲಿ ಪ್ರಕಟವಾದ ಮೆರಿನೊ ಟ್ರಯಲ್‌ನಲ್ಲಿ ಸೆಫ್ಟ್ರಿಯಾಕ್ಸೋನ್‌ಗೆ ಬಗ್ಗದ ಈ ಕೋಲೈ ಮತ್ತು ಕ್ಲೆಬ್ಸಿಯೆಲ್ಲಾ ರಕ್ತದ ಸೋಂಕಿನವರನ್ನು ಎರಡು ಗುಂಪು ಮಾಡಿದ್ದರು. 30 ದಿನದೊಳಗಿನ ಸಾವು ಪಿಪೆರಾಸಿಲಿನ್-ಟಾಜೋಬ್ಯಾಕ್ಟಮ್ ಗುಂಪಿನಲ್ಲಿ 12.3%, ಮೆರೊಪೆನೆಮ್ ಗುಂಪಿನಲ್ಲಿ 3.7%. ಲ್ಯಾಬ್ ವರದಿಯಲ್ಲಿ 'ಸೆನ್ಸಿಟಿವ್' ಎಂದಿದ್ದ ತಳಿಗಳಲ್ಲೇ ಹೀಗಾಯಿತು. ಇಎಸ್‌ಬಿಎಲ್ ಹೊತ್ತ ಈ ಕೋಲೈ ಎಷ್ಟೋ ಸಲ ಓಎಕ್ಸ್‌ಎ-1 ಎಂಬ ಇನ್ನೊಂದು ಕಿಣ್ವವನ್ನೂ ಹೊತ್ತಿರುತ್ತದೆ, ಟಾಜೋಬ್ಯಾಕ್ಟಮ್ ಅದನ್ನು ಸರಿಯಾಗಿ ತಡೆಯಲಾರದು. ಮೆಡಿಕಲ್ ರೆಪ್‌ಗಳು ತರುವ ಸೆಫ್ಟ್ರಿಯಾಕ್ಸೋನ್-ಸಲ್ಬ್ಯಾಕ್ಟಮ್ ಥರದ ಜೋಡಿಗಳಿಗಂತೂ ಗಂಭೀರ ಸೋಂಕಿನಲ್ಲಿ ಈ ಮಟ್ಟದ ಪರೀಕ್ಷೆಯ ಬೆಂಬಲವೇ ಇಲ್ಲ. ಶಾಕ್‌ನಲ್ಲಿರುವವರ ಮೇಲೆ ಅದನ್ನು ಪ್ರಯೋಗಿಸಬೇಡಿ.

ಇನ್ನೊಂದು, ಔಷಧಕ್ಕಿಂತ ಮುಖ್ಯವಾದದ್ದು: ಆ ದಿನವೇ ಹೊಟ್ಟೆಯ ಅಲ್ಟ್ರಾಸೌಂಡ್. ಕಲ್ಲಿನಿಂದ ಮೂತ್ರನಾಳ ಕಟ್ಟಿ ಅದರ ಹಿಂದೆ ಕೀವು ನಿಂತಿದ್ದರೆ ಯಾವ ಆಂಟಿಬಯೋಟಿಕ್ ಸುರಿದರೂ ಬಿಪಿ ಏರುವುದಿಲ್ಲ. ಸ್ಟೆಂಟೋ ನೆಫ್ರಾಸ್ಟಮಿಯೋ (ಕಟ್ಟಿದ ಮೂತ್ರ ಹೊರಬಿಡುವ ನಳಿಕೆ) ಆಗಲೇಬೇಕು, ಅದಕ್ಕೆ ಆಂಬುಲೆನ್ಸ್ ಆ ಹೊತ್ತಿಗೇ ಹೊರಡಬೇಕು. ಸಕ್ಕರೆ ಕಾಯಿಲೆಯವರಲ್ಲಿ ಮೂತ್ರಪಿಂಡದೊಳಗೆ ಗಾಳಿ ತುಂಬುವ ಎಂಫಿಸೆಮ್ಯಾಟಸ್ ಪೈಲೊನೆಫ್ರೈಟಿಸ್ ಇರಬಹುದು. ಸಾದಾ ಹೊಟ್ಟೆಯ ಎಕ್ಸ್-ರೇಯಲ್ಲೂ ಕೆಲವೊಮ್ಮೆ ಆ ಗಾಳಿ ಕಾಣುತ್ತದೆ. 'ಮೆರೊಪೆನೆಮ್‌ಗೂ ಇಳಿಯಲಿಲ್ಲ' ಎಂದು ಬರುವ ಕೇಸುಗಳಲ್ಲಿ ರೆಸಿಸ್ಟೆನ್ಸ್‌ಗಿಂತ ಮುಂಚೆ ಇದನ್ನು ಹುಡುಕಿ.

ಎರಡನೇ ಗುಂಪು: ಸೆಫ್ಟ್ರಿಯಾಕ್ಸೋನ್ 2 ಗ್ರಾಂ ದಿನಕ್ಕೊಮ್ಮೆ, ಜೊತೆಗೆ ಡಾಕ್ಸಿಸೈಕ್ಲಿನ್ 200 ಮಿಗ್ರಾಂ ಮೊದಲ ಡೋಸ್, ನಂತರ 12 ಗಂಟೆಗೊಮ್ಮೆ 100 ಮಿಗ್ರಾಂ. ಈ ಜೋಡಿ ಸ್ಕ್ರಬ್ ಟೈಫಸ್, ಇಲಿಜ್ವರ, ಟೈಫಾಯ್ಡ್ ಮೂರನ್ನೂ ಹಿಡಿಯುತ್ತದೆ. ಪರೀಕ್ಷೆಯ ಫಲಿತಾಂಶಕ್ಕೆ ಕಾಯಬೇಡಿ. ಐಜಿಎಂ ಎಲೈಸಾ (ರಕ್ತದ ಪ್ರತಿಕಾಯ ಪರೀಕ್ಷೆ) ಮೊದಲ ವಾರದಲ್ಲಿ ನೆಗೆಟಿವ್ ಬರುವುದುಂಟು. ಅದಕ್ಕಿಂತ ಮೈಯನ್ನು ಪೂರ್ತಿ ನೋಡಿ. ಎಸ್ಕಾರ್ (ಹುಳ ಕಚ್ಚಿದ ಜಾಗದ ಗುರುತು) ಕಂಕುಳಲ್ಲಿ, ತೊಡೆಸಂದಿಯಲ್ಲಿ, ಸ್ತನದ ಕೆಳಗೆ, ಉಡಿದಾರದ ಅಡಿಯಲ್ಲಿ ಅಡಗಿರುತ್ತದೆ. ಸಿಗರೇಟಿನಿಂದ ಸುಟ್ಟಂಥ ಕಪ್ಪು ಹಕ್ಕಳೆ, ನೋವಿರುವುದಿಲ್ಲ, ರೋಗಿಗೆ ಗೊತ್ತೂ ಇರುವುದಿಲ್ಲ. ಏದುಸಿರು, ಶಾಕ್ ಅಥವಾ ಮಂಪರು ಇದ್ದು ಸ್ಕ್ರಬ್ ಎಂದು ಬಲವಾಗಿ ಅನಿಸಿದರೆ ಡಾಕ್ಸಿಸೈಕ್ಲಿನ್ ಜೊತೆ ಅಜಿಥ್ರೋಮೈಸಿನ್ ಕೂಡ ಐವಿಯಲ್ಲಿ ಸೇರಿಸಿ. ಭಾರತದ ಆಸ್ಪತ್ರೆಗಳಲ್ಲೇ ನಡೆದು 2023ರಲ್ಲಿ ಪ್ರಕಟವಾದ ಇಂಟ್ರೆಸ್ಟ್ ಟ್ರಯಲ್‌ನಲ್ಲಿ ಗಂಭೀರ ಸ್ಕ್ರಬ್ ಟೈಫಸ್‌ಗೆ ಒಂಟಿ ಔಷಧಕ್ಕಿಂತ ಈ ಜೋಡಿಯೇ ಮೇಲಾಯಿತು. ಏಳು ದಿನದ ಕೋರ್ಸ್. ಸರಿಯಾದ ಔಷಧ ಬಿದ್ದರೆ ಸ್ಕ್ರಬ್ ಜ್ವರ ಸಾಮಾನ್ಯವಾಗಿ 48 ಗಂಟೆಯೊಳಗೆ ಇಳಿಯುತ್ತದೆ. ಇಳಿಯದಿದ್ದರೆ ರೋಗನಿರ್ಣಯವನ್ನೇ ಮತ್ತೆ ಯೋಚಿಸಿ.

ಇವರಿಗೆ ಐವಿ ದ್ರವ ಕೊಡುವಾಗ ಕೈ ಬಿಗಿ ಇರಲಿ. ಪ್ರತಿ ಕೆಜಿಗೆ 30 ಮಿ.ಲೀ. ಎಂಬ ಲೆಕ್ಕ, 60 ಕೆಜಿಗೆ 1800 ಮಿ.ಲೀ., ಮೂತ್ರದ ಸೆಪ್ಸಿಸ್‌ಗೆ ಸರಿ. ಸ್ಕ್ರಬ್‌ನಲ್ಲೂ ಇಲಿಜ್ವರದಲ್ಲೂ ರಕ್ತನಾಳಗಳು ಸೋರುವುದರಿಂದ ಅದೇ ದ್ರವ ಶ್ವಾಸಕೋಶಕ್ಕೆ ಇಳಿಯುತ್ತದೆ. 500 ಮಿ.ಲೀ. ಕೊಟ್ಟು ಎದೆಗೆ ಸ್ಟೆತ್ ಇಟ್ಟು ಕೇಳಿ. ಬಿಪಿ ಏರದಿದ್ದರೆ ಬೇಗನೆ ನಾರ್‌ಅಡ್ರಿನಲಿನ್ ಶುರು ಮಾಡಿ. ಮೊಣಕೈ ಹತ್ತಿರದ ಒಳ್ಳೆಯ ಪೆರಿಫೆರಲ್ ಲೈನ್‌ನಲ್ಲೂ ಆರಂಭಿಸಬಹುದು.

ಮೂರನೇ ಗುಂಪು: ಸೆಫ್ಟ್ರಿಯಾಕ್ಸೋನ್ 2 ಗ್ರಾಂ ಮತ್ತು ಅಜಿಥ್ರೋಮೈಸಿನ್ 500 ಮಿಗ್ರಾಂ, ಎರಡೂ ಐವಿ, ದಿನಕ್ಕೊಮ್ಮೆ. ಮೂತ್ರದ ಈ ಕೋಲೈಯ ರೆಸಿಸ್ಟೆನ್ಸ್ ನೋಡಿ ನ್ಯುಮೋನಿಯಾಕ್ಕೆ ಮೆರೊಪೆನೆಮ್ ಹಾಕುವುದು ಲೆಕ್ಕ ತಪ್ಪಿದ ಹಾಗೆ. ಇಲ್ಲಿನ ಮುಖ್ಯ ಆರೋಪಿ ನ್ಯುಮೊಕಾಕಸ್. ಮೆದುಳು ಪೊರೆಯ ಸೋಂಕನ್ನು ಬಿಟ್ಟರೆ ಅದಕ್ಕೆ ಸೆಫ್ಟ್ರಿಯಾಕ್ಸೋನ್ ಈಗಲೂ ಗಟ್ಟಿ. ಲೆವೊಫ್ಲಾಕ್ಸಾಸಿನ್ ನಮ್ಮ ದೇಶದಲ್ಲಿ ನ್ಯುಮೋನಿಯಾಕ್ಕೆ ಮೊದಲ ಆಯ್ಕೆ ಆಗಬಾರದು. ಒಳಗಿರುವುದು ಕ್ಷಯವಾಗಿದ್ದರೆ ಹತ್ತು ದಿನ ಸುಧಾರಿಸಿದಂತೆ ತೋರಿ, ಕಫದ ಪರೀಕ್ಷೆಯನ್ನೂ ಮಬ್ಬಾಗಿಸಿ, ರೋಗನಿರ್ಣಯವನ್ನು ವಾರಗಟ್ಟಲೆ ಹಿಂದಕ್ಕೆ ತಳ್ಳುತ್ತದೆ. ಫ್ಲೂ ಹರಡಿರುವ ತಿಂಗಳಲ್ಲಿ ಒಸೆಲ್ಟಾಮಿವಿರ್ 75 ಮಿಗ್ರಾಂ ದಿನಕ್ಕೆರಡು ಸಲ ಮೊದಲ ದಿನವೇ ಸೇರಿಸಿ. ಫ್ಲೂ ಆದಮೇಲೆ ಶ್ವಾಸಕೋಶದಲ್ಲಿ ಕುಳಿ ಬಿದ್ದಿದ್ದರೆ ವ್ಯಾಂಕೊಮೈಸಿನ್. ಹಳೆಯ ಕಲ್ಚರ್‌ನಲ್ಲಿ ಸ್ಯೂಡೋಮೊನಾಸ್ ಬೆಳೆದಿದ್ದರೆ ಅಥವಾ ಕಳೆದ 90 ದಿನಗಳಲ್ಲಿ ಆಸ್ಪತ್ರೆಯಲ್ಲಿ ಐವಿ ಆಂಟಿಬಯೋಟಿಕ್ ಆಗಿದ್ದರೆ ಪಿಪೆರಾಸಿಲಿನ್-ಟಾಜೋಬ್ಯಾಕ್ಟಮ್. ನಿಮ್ಮ ಸ್ಟೋರಿನ ಆ ಔಷಧಕ್ಕೆ ಸರಿಯಾದ ಜಾಗ ಇದು.

ಟೈಫಾಯ್ಡ್ ಬಗ್ಗೆ ಒಂದು ಮಾತು, ಏಕೆಂದರೆ ಮೆರೊಪೆನೆಮ್ ಅನಗತ್ಯವಾಗಿ ಖರ್ಚಾಗುವ ಇನ್ನೊಂದು ದಾರಿ ಇದು. ಸೆಫ್ಟ್ರಿಯಾಕ್ಸೋನ್ ಶುರುವಾದ ಮೇಲೂ ಟೈಫಾಯ್ಡ್ ಜ್ವರ ಐದರಿಂದ ಏಳು ದಿನ ಇರುತ್ತದೆ. ಅದು ಕಾಯಿಲೆಯ ಸ್ವಭಾವ. ನಾಲ್ಕನೇ ದಿನ 102 ಡಿಗ್ರಿ ಕಂಡು ಔಷಧ ಸೋತಿತು ಎಂದುಕೊಳ್ಳಬೇಡಿ. ಊಟ ಸೇರುತ್ತಿದೆಯೇ, ಜ್ವರದ ಶಿಖರ ದಿನದಿಂದ ದಿನಕ್ಕೆ ತಗ್ಗುತ್ತಿದೆಯೇ ನೋಡಿ. ಸೆಫ್ಟ್ರಿಯಾಕ್ಸೋನ್‌ಗೂ ಬಗ್ಗದ ಎಕ್ಸ್‌ಡಿಆರ್ ಟೈಫಾಯ್ಡ್ 2016ರಿಂದ ಪಾಕಿಸ್ತಾನದ ಸಿಂಧ್‌ನಲ್ಲಿ ಹಬ್ಬಿದೆ, ಅಲ್ಲಿ ಉಳಿದಿರುವುದು ಅಜಿಥ್ರೋಮೈಸಿನ್ ಮತ್ತು ಮೆರೊಪೆನೆಮ್. ನಮ್ಮಲ್ಲಿ ಸೋತಿರುವುದು ಮುಖ್ಯವಾಗಿ ಸಿಪ್ರೊಫ್ಲಾಕ್ಸಾಸಿನ್ ಗುಂಪು, ಅದನ್ನು ಟೈಫಾಯ್ಡ್‌ಗೆ ಬರೆಯುವುದನ್ನು ಪೂರ್ತಿ ಬಿಡಬೇಕು. ಒಂದೇ ಒಂದು ವಿಡಾಲ್ ಪರೀಕ್ಷೆಯ ಮೇಲೆ ಯಾವ ತೀರ್ಮಾನವೂ ಬೇಡ.

---

ಲ್ಯಾಬ್ ಮೇಜಿನಿಂದ

ಮೇಡಂ ಹೇಳಿದ್ದಕ್ಕೆ ಮೈಕ್ರೊಬಯಾಲಜಿ ಕಡೆಯಿಂದ ಕೆಲವು ಸೇರ್ಪಡೆ.

ಐಸಿಎಂಆರ್ ಜಾಲದ ವರದಿಯ ಅಂಕಿಗಳು ದಿಗಿಲು ಹುಟ್ಟಿಸುವಂಥವೇ. ಇಮಿಪೆನೆಮ್ ಎಂಬ ಕಾರ್ಬಪೆನೆಮ್‌ಗೆ ಬಗ್ಗುವ ಈ ಕೋಲೈ 2017ರಲ್ಲಿ 81% ಇದ್ದದ್ದು 2022ಕ್ಕೆ 66%ಗೆ ಇಳಿದಿದೆ. ಆದರೆ ಆ ಮಾದರಿಗಳು ಬರುವುದು ದೊಡ್ಡ ಆಸ್ಪತ್ರೆಗಳಿಂದ. ವಾರ್ಡ್, ಐಸಿಯುಗಳಲ್ಲಿ ಮಲಗಿ, ನಾಲ್ಕು ಔಷಧ ಸೋತ ಮೇಲೆ ಕಲ್ಚರ್ ಆದವರೂ ಅದರಲ್ಲಿ ಸೇರಿದ್ದಾರೆ. ಹಳ್ಳಿಯ ಮನೆಯಿಂದ ನೇರವಾಗಿ ನಿಮ್ಮಲ್ಲಿಗೆ ಬಂದವರಲ್ಲಿ ಅಷ್ಟೇ ಪ್ರಮಾಣ ಇರುತ್ತದೆ ಎಂದು ಲೆಕ್ಕ ಹಾಕಬಾರದು. ನಿಮ್ಮದೇ ಪಟ್ಟಿ ಮಾಡಿಕೊಳ್ಳಿ. ದಾಖಲಾದ 48 ಗಂಟೆಯೊಳಗೆ ತೆಗೆದ ಮಾದರಿಗಳನ್ನು ಮಾತ್ರ ಪ್ರತ್ಯೇಕಿಸಿ, ಒಬ್ಬ ರೋಗಿಯಿಂದ ಒಂದು ಜಾತಿಯ ಮೊದಲ ತಳಿಯನ್ನಷ್ಟೇ ಎಣಿಸಿ. ಒಂದು ಜಾತಿಯಲ್ಲಿ 30 ತಳಿಗಿಂತ ಕಡಿಮೆ ಇದ್ದರೆ ಶೇಕಡಾವಾರು ಬರೆಯಬೇಡಿ. ವರ್ಷಕ್ಕೆ ಅಷ್ಟಾಗದಿದ್ದರೆ ಎರಡು ವರ್ಷದ್ದು ಕೂಡಿಸಿ, ಇಲ್ಲವೇ ಅಕ್ಕಪಕ್ಕದ ತಾಲೂಕುಗಳನ್ನು ಸೇರಿಸಿಕೊಳ್ಳಿ. ಮೂತ್ರದ್ದು ಬೇರೆ, ರಕ್ತದ್ದು ಬೇರೆ ಇರಲಿ.

ಬಾಟಲಿ ದೂರ ಹೋಗಬೇಕಾದಲ್ಲಿ ಕಲ್ಚರ್ ಹಾಳಾಗುವುದು ಹೆಚ್ಚಾಗಿ ರಕ್ತ ತೆಗೆಯುವ ಹಂತದಲ್ಲಿ. ವಯಸ್ಕರಿಗೆ ಎರಡು ಬೇರೆ ಬೇರೆ ಕಡೆ ಚುಚ್ಚಿ, ಪ್ರತಿ ಬಾಟಲಿಗೆ 8ರಿಂದ 10 ಮಿ.ಲೀ. ರಕ್ತ ಹಾಕಬೇಕು. ಸೆಪ್ಸಿಸ್‌ನಲ್ಲಿ ಒಂದು ಮಿ.ಲೀ. ರಕ್ತದಲ್ಲಿ ಒಂದೇ ಒಂದು ಬ್ಯಾಕ್ಟೀರಿಯಾ ಇರಬಹುದು, ಅದಕ್ಕಿಂತಲೂ ಕಡಿಮೆ ಇರಬಹುದು. 2 ಮಿ.ಲೀ. ಕಳಿಸಿ 'ನೋ ಗ್ರೋತ್' ಬಂತು ಎಂದರೆ ಅದಕ್ಕೆ ಬೆಲೆಯಿಲ್ಲ. ಚರ್ಮಕ್ಕೆ ಆಲ್ಕೋಹಾಲ್ ಬೆರೆತ ಕ್ಲೋರ್‌ಹೆಕ್ಸಿಡಿನ್ ಹಚ್ಚಿ 30 ಸೆಕೆಂಡ್ ಉಜ್ಜಿ, ತಾನಾಗಿ ಒಣಗಲು ಬಿಡಿ. ಒದ್ದೆ ಇರುವಾಗ ಚುಚ್ಚಿದರೆ ಹಚ್ಚಿದ್ದು ವ್ಯರ್ಥ. ಬಾಟಲಿಯ ರಬ್ಬರ್ ಮುಚ್ಚಳವನ್ನೂ 70% ಆಲ್ಕೋಹಾಲ್‌ನಿಂದ ಒರೆಸಿ, ಮೇಲಿನ ಪ್ಲಾಸ್ಟಿಕ್ ತೆಗೆದ ಮಾತ್ರಕ್ಕೆ ಅದು ಶುದ್ಧವಾಗಿರುವುದಿಲ್ಲ. ಹಾಕಿ ಹಳತಾದ ಕ್ಯಾನುಲಾದಿಂದ ಕಲ್ಚರ್‌ಗೆ ರಕ್ತ ಎಳೆಯಬೇಡಿ.

ತೆಗೆದ ಬಾಟಲಿ ಫ್ರಿಜ್ಜಿಗೆ ಹೋಗಕೂಡದು. ಹಾಗೆಂದು ನಿಮ್ಮಲ್ಲಿರುವ 37 ಡಿಗ್ರಿ ಇನ್‌ಕ್ಯುಬೇಟರಿನಲ್ಲಿ ರಾತ್ರಿಯಿಡೀ ಇಟ್ಟು ಬೆಳಗ್ಗೆ ಕಳಿಸುವುದೂ ತಪ್ಪು. ಬೆಳವಣಿಗೆ ಆಗಲೇ ಮೇಲೇರಿದ್ದರೆ ನಮ್ಮ ಯಂತ್ರಕ್ಕೆ ಬದಲಾವಣೆ ಗುರುತು ಸಿಗದೆ ನೆಗೆಟಿವ್ ತೋರಿಸಬಹುದು. ಕೋಣೆಯ ಉಷ್ಣತೆಯಲ್ಲಿಟ್ಟು ಮೊದಲು ಸಿಗುವ ವಾಹನದಲ್ಲಿ ಕಳಿಸಿ. ಕಲ್ಚರ್ ತೆಗೆಯುವ ನೆಪದಲ್ಲಿ ಮೊದಲ ಡೋಸ್ 45 ನಿಮಿಷಕ್ಕಿಂತ ತಡವಾಗಬಾರದು ಎಂಬುದೂ ನೆನಪಿರಲಿ.

ಫಾರ್ಮಿನಲ್ಲಿ ವಾರ್ಡಿನ ಫೋನ್ ನಂಬರ್ ಬರೆಯಿರಿ. ಅಂತಿಮ ವರದಿಗೆ ಐದು ದಿನ ಆಗಬಹುದು. ಬಾಟಲಿ ಪಾಸಿಟಿವ್ ಎಂದು ಕೂಗಿಕೊಂಡ ಗಂಟೆಯೊಳಗೆ ಗ್ರಾಮ್ ಸ್ಟೇನ್ (ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಕಂಡದ್ದು) ಫೋನಿನಲ್ಲೇ ಹೇಳಬಹುದು. 'ಗ್ರಾಮ್ ನೆಗೆಟಿವ್ ಕಡ್ಡಿ' ಅಥವಾ 'ಜೋಡಿ ಕಾಕೈ' ಎಂಬ ಒಂದು ಮಾತು ಸಾಕು, ನಿಮ್ಮ ಅರ್ಧ ಊಹೆ ಮುಗಿಯುತ್ತದೆ. ಒಂದೇ ಬಾಟಲಿಯಲ್ಲಿ ಕೊಯಾಗ್ಯುಲೇಸ್ ನೆಗೆಟಿವ್ ಸ್ಟ್ಯಾಫ್ ಬೆಳೆದರೆ ಹೆಚ್ಚಾಗಿ ಚರ್ಮದ್ದು, ಅದಕ್ಕೆ ವ್ಯಾಂಕೊಮೈಸಿನ್ ಬೇಡ.

ವರದಿ ಓದುವಾಗ ಇನ್ನೊಂದು ಎಚ್ಚರ. ಅಮಿಕಾಸಿನ್‌ನ ಸಿಎಲ್‌ಎಸ್‌ಐ (ಲ್ಯಾಬ್ ಮಾನದಂಡ ರೂಪಿಸುವ ಸಂಸ್ಥೆ) ಬ್ರೇಕ್‌ಪಾಯಿಂಟ್, ಅಂದರೆ ಸೆನ್ಸಿಟಿವ್ ಎನ್ನುವ ಗಡಿ, 2023ರಲ್ಲಿ ಬದಲಾಗಿದೆ. ಹಿಂದೆ ಎಂಐಸಿ (ರೋಗಾಣು ಬೆಳೆಯದಂತೆ ತಡೆಯುವ ಅತಿ ಕಡಿಮೆ ಔಷಧ ಪ್ರಮಾಣ) 16ರವರೆಗೂ ಸೆನ್ಸಿಟಿವ್ ಎನ್ನುತ್ತಿದ್ದರು, ಈಗ 4ರವರೆಗೆ ಮಾತ್ರ. ಹಳೆಯ ಸಾಫ್ಟ್‌ವೇರ್ ಇರುವ ಯಂತ್ರ ಎಂಐಸಿ 8 ಅಥವಾ 16 ಇದ್ದರೂ 'ಎಸ್' ಎಂದು ಮುದ್ರಿಸುತ್ತದೆ. ಅಕ್ಷರವನ್ನಷ್ಟೇ ನೋಡದೆ ಪಕ್ಕದ ಸಂಖ್ಯೆ ಓದಿ, ಸಂಖ್ಯೆ ಇಲ್ಲದಿದ್ದರೆ ಕೇಳಿ ಪಡೆಯಿರಿ.

---

ಔಷಧ ಕಪಾಟು

ಕ್ಲಿನಿಕಲ್ ಫಾರ್ಮಸಿ ಕಡೆಯಿಂದ, ನರ್ಸಿಂಗ್ ಸಿಬ್ಬಂದಿಗೆ ಹೇಳಬೇಕಾದದ್ದು.

ಸೆಫ್ಟ್ರಿಯಾಕ್ಸೋನ್ ಮತ್ತು ರಿಂಗರ್ ಲ್ಯಾಕ್ಟೇಟ್ ಒಂದೇ ಲೈನ್‌ನಲ್ಲಿ ಒಟ್ಟಿಗೆ ಹೋಗಬಾರದು. ರಿಂಗರ್‌ನ ಕ್ಯಾಲ್ಸಿಯಂ ಜೊತೆ ಸೇರಿ ಹರಳು ಕಟ್ಟುತ್ತದೆ. ಸೆಪ್ಸಿಸ್‌ನಲ್ಲಿ ಓಡುತ್ತಿರುವುದು ಬಹುತೇಕ ರಿಂಗರೇ ಆದ್ದರಿಂದ ಈ ತಪ್ಪು ಸುಲಭವಾಗಿ ಆಗುತ್ತದೆ. ಡ್ರಿಪ್ ನಿಲ್ಲಿಸಿ, ನಾರ್ಮಲ್ ಸಲೈನ್‌ನಿಂದ ತೊಳೆದು ಔಷಧ ಕೊಟ್ಟು, ಮತ್ತೆ ತೊಳೆದು ಮುಂದುವರಿಸಿ. ಸ್ನಾಯುವಿಗೆ ಕೊಡಲು ಲಿಗ್ನೊಕೇನ್‌ನಲ್ಲಿ ಕರಗಿಸಿದ ಸೆಫ್ಟ್ರಿಯಾಕ್ಸೋನ್ ಯಾವ ಕಾರಣಕ್ಕೂ ಐವಿಗೆ ಹೋಗಕೂಡದು.

ಮೆರೊಪೆನೆಮ್ ಮೊದಲ 1 ಗ್ರಾಂ 20 ಮಿ.ಲೀ. ಸ್ಟೆರೈಲ್ ನೀರಿನಲ್ಲಿ ಕರಗಿಸಿ ಐದು ನಿಮಿಷದಲ್ಲಿ. ಎರಡನೇ ಡೋಸಿನಿಂದ 100 ಮಿ.ಲೀ. ಸಲೈನ್‌ನಲ್ಲಿ ಮೂರು ಗಂಟೆ ಹನಿಸಿ. ಬೀಟಾ-ಲ್ಯಾಕ್ಟಮ್‌ಗಳು (ಪೆನಿಸಿಲಿನ್, ಸೆಫಲೋಸ್ಪೋರಿನ್, ಕಾರ್ಬಪೆನೆಮ್) ರೋಗಾಣುವನ್ನು ಕೊಲ್ಲುವುದು ರಕ್ತದಲ್ಲಿ ಎಷ್ಟು ಹೊತ್ತು ನಿಲ್ಲುತ್ತವೆ ಎಂಬುದರ ಮೇಲೆ. ಕರಗಿಸಿದ್ದನ್ನು ಆಗಲೇ ಬಳಸಿ. ಬೆಳಗ್ಗೆಯೇ ಇಡೀ ದಿನದ್ದು ಕಲಸಿಡುವ ಅಭ್ಯಾಸ ಬೇಡ. ರೋಗಿ ಫಿಟ್ಸ್‌ಗೆ ವ್ಯಾಲ್ಪ್ರೊಯೇಟ್ ತೆಗೆದುಕೊಳ್ಳುತ್ತಿದ್ದರೆ ಯಾವ ಕಾರ್ಬಪೆನೆಮ್ ಕೊಟ್ಟರೂ ರಕ್ತದಲ್ಲಿ ವ್ಯಾಲ್ಪ್ರೊಯೇಟ್ ಮಟ್ಟ ಕುಸಿದು ಫಿಟ್ಸ್ ಬರಬಹುದು. ಬೇರೆ ಫಿಟ್ಸ್ ಔಷಧ ಸೇರಿಸಿಯೇ ಶುರು ಮಾಡಬೇಕು.

ಅಮಿಕಾಸಿನ್ ವಯಲ್ 2 ಮಿ.ಲೀ.ನಲ್ಲಿ 500 ಮಿಗ್ರಾಂ. 60 ಕೆಜಿಗೆ 900 ಮಿಗ್ರಾಂ, ಅಂದರೆ 3.6 ಮಿ.ಲೀ. ಅದನ್ನು 100 ಮಿ.ಲೀ. ಸಲೈನ್‌ನಲ್ಲಿ 30ರಿಂದ 60 ನಿಮಿಷ. ಒಂದು ವಯಲ್ ಒಡೆದು '500 ಮಿಗ್ರಾಂ ಬಿಡಿ' ಎನ್ನುವುದು ಎಲ್ಲ ಕಡೆ ರೂಢಿ, ಅದು ವಯಸ್ಕರಿಗೆ ಅರ್ಧ ಡೋಸ್. ಈ ಔಷಧದ ಶಕ್ತಿ ಇರುವುದೇ ಶಿಖರದ ಮಟ್ಟದಲ್ಲಿ, ಆದ್ದರಿಂದ ದಿನದ ಪೂರ್ತಿ ಡೋಸ್ ಒಂದೇ ಸಲ. ಮಯಸ್ತೇನಿಯಾ (ಸ್ನಾಯು ದುರ್ಬಲವಾಗುವ ಕಾಯಿಲೆ) ಇರುವವರಿಗೆ ಬೇಡ. ಬೀಟಾ-ಲ್ಯಾಕ್ಟಮ್ ಜೊತೆ ಒಂದೇ ಬಾಟಲಿಯಲ್ಲಿ ಬೆರೆಸಬೇಡಿ.

ವ್ಯಾಂಕೊಮೈಸಿನ್ ಮೊದಲ ಡೋಸ್ ಪ್ರತಿ ಕೆಜಿಗೆ 25 ಮಿಗ್ರಾಂ, ಗಂಟೆಗೆ 1 ಗ್ರಾಂಗಿಂತ ವೇಗ ಬೇಡ. ಮೈ ಕೆಂಪಾಗಿ ತುರಿಕೆ ಬಂದರೆ ಅದು ವೇಗದ ದೋಷ. ನಿಲ್ಲಿಸಿ, ಆಂಟಿಹಿಸ್ಟಮಿನ್ ಕೊಟ್ಟು ನಿಧಾನ ಮಾಡಿದರೆ ಸಾಕಾಗುತ್ತದೆ. 'ಅಲರ್ಜಿ' ಎಂದು ಕೇಸ್ ಶೀಟಿನಲ್ಲಿ ಬರೆದು ಆ ಔಷಧವನ್ನೇ ಶಾಶ್ವತವಾಗಿ ಕಳೆದುಕೊಳ್ಳಬೇಡಿ.

---

ಘಟ್ಟದ ಫಿಸಿಷಿಯನ್

ಮೂವರಿಗೂ ಧನ್ಯವಾದ. ಮೂರು ಅನುಮಾನ ಉಳಿದಿವೆ. ಶಾಕ್‌ನಲ್ಲಿ ಬಂದವರ ಕ್ರಿಯಾಟಿನಿನ್ 3 ಇದ್ದರೆ ಮೊದಲ ಡೋಸ್ ಕಡಿಮೆ ಮಾಡಬೇಕೇ? ಪ್ರತಿ ಇಂಜೆಕ್ಷನ್‌ಗೂ ಟೆಸ್ಟ್ ಡೋಸ್ ಹಾಕಿ ಅರ್ಧ ಗಂಟೆ ಕಾಯುವ ಪದ್ಧತಿ ಇದೆ, ಅದು ಬೇಕೇ? ಮೂತ್ರದ ಸೆಪ್ಸಿಸ್ ಮೂರನೇ ದಿನ ಚೇತರಿಸಿಕೊಂಡರೆ, ಕಲ್ಚರ್ ಇಎಸ್‌ಬಿಎಲ್ ಎಂದರೆ, ಮಾತ್ರೆಗೆ ಯಾವುದಕ್ಕೆ ಇಳಿಯುವುದು?

---

ಸೋಂಕುರೋಗ ತಜ್ಞೆ

ಮೊದಲ ಡೋಸ್ ಯಾವತ್ತೂ ಪೂರ್ತಿ, ಕ್ರಿಯಾಟಿನಿನ್ ಎಷ್ಟಿದ್ದರೂ. ಮೊದಲ ಡೋಸ್ ನಿರ್ಧಾರವಾಗುವುದು ದೇಹದಲ್ಲಿ ಔಷಧ ಎಷ್ಟು ಹರಡಿಕೊಳ್ಳುತ್ತದೆ ಎಂಬುದರಿಂದ. ಶಾಕ್‌ನಲ್ಲಿ ಆ ಹರವು ಹೆಚ್ಚೇ ಇರುತ್ತದೆ. ಕಿಡ್ನಿ ನೋಡಿಕೊಂಡು ಬದಲಾಯಿಸುವುದು ಮುಂದಿನ ಡೋಸ್‌ಗಳನ್ನು. ಮೆರೊಪೆನೆಮ್‌ನಂಥವನ್ನು ಮೊದಲ 24ರಿಂದ 48 ಗಂಟೆ ತಗ್ಗಿಸುವ ಅವಸರ ಬೇಡ, ದ್ರವ ಕೊಟ್ಟು ಬಿಪಿ ಏರಿದ ಮೇಲೆ ಎಷ್ಟೋ ಕಿಡ್ನಿಗಳು ಆ ಅವಧಿಯಲ್ಲೇ ಚೇತರಿಸುತ್ತವೆ. ಅಮಿಕಾಸಿನ್ ಮಾತ್ರ ಕ್ರಿಯಾಟಿನಿನ್ ಇಳಿಯುವವರೆಗೆ ಎರಡನೇ ಡೋಸ್ ಬೇಡ.

ಟೆಸ್ಟ್ ಡೋಸ್ ಬಿಟ್ಟುಬಿಡಿ. ಔಷಧವನ್ನು ಚರ್ಮದೊಳಗೆ ಸ್ವಲ್ಪ ಚುಚ್ಚಿ ಉಬ್ಬು ನೋಡುವುದು ಅನಾಫಿಲಾಕ್ಸಿಸ್ (ಜೀವಕ್ಕೇ ಅಪಾಯವಾಗುವ ಅಲರ್ಜಿ) ಬರುತ್ತದೋ ಇಲ್ಲವೋ ಎಂದು ಹೇಳಲಾರದು. ನೆಗೆಟಿವ್ ಆದವರಿಗೂ ಬರುತ್ತದೆ, ಬರೀ ಕೆರಳಿಕೆಗೆ ಕೆಂಪಾದವರಿಗೆ ಒಳ್ಳೆಯ ಔಷಧ ತಪ್ಪಿಹೋಗುತ್ತದೆ. ಶಾಕ್ ರೋಗಿಯ ಮೊದಲ ಗಂಟೆಯಲ್ಲಿ ಅರ್ಧ ಅಲ್ಲೇ ಹೋಯಿತು. ಹಿಂದೆ ಪೆನಿಸಿಲಿನ್ ಕೊಟ್ಟಾಗ ಏನಾಯಿತು, ಎಷ್ಟು ಹೊತ್ತಿನಲ್ಲಿ, ಉಸಿರು ಕಟ್ಟಿತೇ, ಮೈಯೆಲ್ಲ ದದ್ದು ಎದ್ದಿತೇ ಎಂದು ಕೇಳಿ. ಅಡ್ರಿನಲಿನ್ 0.5 ಮಿಗ್ರಾಂ ತೊಡೆಯ ಸ್ನಾಯುವಿಗೆ ಕೊಡಲು ಹಾಸಿಗೆ ಪಕ್ಕದಲ್ಲೇ ಸಿದ್ಧವಿರಲಿ.

ಮಾತ್ರೆಗೆ ಇಳಿಯುವುದು: ವರದಿಯಲ್ಲಿ ಕೋಟ್ರಿಮಾಕ್ಸಜೋಲ್ ಅಥವಾ ಸಿಪ್ರೊಫ್ಲಾಕ್ಸಾಸಿನ್ ಸೆನ್ಸಿಟಿವ್ ಇದ್ದರೆ ಅದು. ಎರಡೂ ಇಲ್ಲದಿದ್ದರೆ ಎರ್ಟಪೆನೆಮ್ ದಿನಕ್ಕೊಮ್ಮೆ, ಡೇ ಕೇರ್‌ಗೆ ಬಂದು ಹಾಕಿಸಿಕೊಂಡು ಹೋಗಲಿ. ಸ್ನಾಯುವಿಗೂ ಕೊಡಬಹುದು, 1 ಗ್ರಾಂ ಅನ್ನು 1% ಲಿಗ್ನೊಕೇನ್ 3.2 ಮಿ.ಲೀ.ನಲ್ಲಿ ಕರಗಿಸಿ. ನೈಟ್ರೊಫ್ಯುರಾಂಟೊಯಿನ್, ಫಾಸ್ಫೊಮೈಸಿನ್ ಪುಡಿ ಎರಡೂ ಮೂತ್ರಕೋಶದ ಸೋಂಕಿಗೆ ಬಹಳ ಒಳ್ಳೆಯವು, ಆದರೆ ಮೂತ್ರಪಿಂಡದ ಅಂಗಾಂಶದಲ್ಲೂ ರಕ್ತದಲ್ಲೂ ಸಾಕಷ್ಟು ಮಟ್ಟ ಮುಟ್ಟುವುದಿಲ್ಲ. ಸೆಫಿಕ್ಸಿಮ್ ಇಎಸ್‌ಬಿಎಲ್ ಮುಂದೆ ನಿಲ್ಲುವುದಿಲ್ಲ. 'ಬಾಯಿಯಲ್ಲಿ ಕೊಡುವ ಕಾರ್ಬಪೆನೆಮ್' ಎಂದು ಫ್ಯಾರೊಪೆನೆಮ್ ಬರೆದು ಕಳಿಸುವುದು ಹೆಚ್ಚುತ್ತಿದೆ, ದಯವಿಟ್ಟು ಬೇಡ. ಗಂಭೀರ ಸೋಂಕಿನಲ್ಲಿ ಅದರ ಮೇಲೆ ಭರವಸೆ ಇಡುವಂಥ ಸಾಕ್ಷ್ಯವಿಲ್ಲ, ಮೆರೊಪೆನೆಮ್‌ಗೂ ಬಗ್ಗದ ತಳಿಗಳನ್ನು ಆರಿಸಿ ಬೆಳೆಸುವ ಅಪಾಯವಂತೂ ಇದೆ.

ಒಟ್ಟು ಏಳು ದಿನ ಸಾಕು, ರಕ್ತದಲ್ಲಿ ಬೆಳೆದಿದ್ದರೂ. 2024ರ ಬ್ಯಾಲೆನ್ಸ್ ಟ್ರಯಲ್‌ನಲ್ಲಿ ರಕ್ತದ ಸೋಂಕಿಗೆ ಏಳು ದಿನ ಕೊಟ್ಟವರು 14 ದಿನ ಕೊಟ್ಟವರಿಗಿಂತ ಹಿಂದೆ ಬೀಳಲಿಲ್ಲ. ಸ್ಟ್ಯಾಫ್ ಆರಿಯಸ್ ಈ ಲೆಕ್ಕಕ್ಕೆ ಸೇರಿರಲಿಲ್ಲ. ಅದಕ್ಕೆ ಕಡಿಮೆ ಎಂದರೂ 14 ದಿನ ಮತ್ತು ಎಕೋ (ಹೃದಯದ ಸ್ಕ್ಯಾನ್) ಬೇಕು. ಕೀವು ಒಳಗೇ ಉಳಿದಿದ್ದರೂ ಏಳು ದಿನದ ಲೆಕ್ಕ ನಡೆಯುವುದಿಲ್ಲ.

---

ಕರಾವಳಿ ಡ್ಯೂಟಿ

ಒಂದು ದೊಡ್ಡ ವಿಷಯ ಬಿಟ್ಟುಹೋಗಿದೆ ಮಾರಾಯ್ರೆ. ಉಡುಪಿ, ದಕ್ಷಿಣ ಕನ್ನಡದಲ್ಲಿ ಮಳೆಗಾಲದ ನ್ಯುಮೋನಿಯಾ ಎಂದರೆ ಮೆಲಿಯಾಯ್ಡೋಸಿಸ್ (ಮಣ್ಣು-ನೀರಿನ ಬ್ಯಾಕ್ಟೀರಿಯಾದಿಂದ ಬರುವ ಸೋಂಕು) ನೆನಪಾಗಲೇಬೇಕು. ಘಟ್ಟದ ಮೇಲೂ ಮಣ್ಣು-ನೀರಿನಲ್ಲಿ ದುಡಿಯುವ ಸಕ್ಕರೆ ಕಾಯಿಲೆಯವರು ಇದ್ದೇ ಇದ್ದಾರಲ್ಲ. ಈ ಬರ್ಕ್‌ಹೋಲ್ಡೇರಿಯಾ ಸ್ಯೂಡೋಮ್ಯಾಲಿಯೈ ಹುಟ್ಟಿನಿಂದಲೇ ಜೆಂಟಾಮೈಸಿನ್, ಅಮಿಕಾಸಿನ್, ಕೊಲಿಸ್ಟಿನ್‌ಗೆ ಬಗ್ಗದ್ದು. ಸೆಫ್ಟ್ರಿಯಾಕ್ಸೋನ್ ಇದರ ಮೇಲೆ ನಂಬಿಕೆಗೆ ಯೋಗ್ಯ ಅಲ್ಲ, ಅಜಿಥ್ರೋಮೈಸಿನ್ ಉಪಯೋಗಕ್ಕಿಲ್ಲ. ಅಂದರೆ ಮೇಡಂ ಮೂರನೇ ಗುಂಪಿಗೆ ಹೇಳಿದ ಜೋಡಿ ಈ ಒಂದು ರೋಗದಲ್ಲಿ ಸೋಲುತ್ತದೆ.

ಎಲ್ಲ ನ್ಯುಮೋನಿಯಾಕ್ಕೂ ಇದನ್ನು ಊಹಿಸಬೇಕಾಗಿಲ್ಲ. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಮದ್ಯದ ಚಟ ಅಥವಾ ಹಳೆಯ ಕಿಡ್ನಿ ಕಾಯಿಲೆ; ಮಳೆಗಾಲ; ನ್ಯುಮೋನಿಯಾ ಜೊತೆಗೆ ಗುಲ್ಮದಲ್ಲಿ, ಲಿವರ್‌ನಲ್ಲಿ, ಪ್ರಾಸ್ಟೇಟ್‌ನಲ್ಲಿ ಸಣ್ಣ ಸಣ್ಣ ಕೀವುಗಟ್ಟು, ಅಥವಾ ಕೀಲಿನಲ್ಲಿ ಕೀವು. ಇವು ಒಟ್ಟಿಗೆ ಕಂಡರೆ ಕಾಯಬೇಡಿ. ಸೆಫ್ಟಾಜಿಡಿಮ್ 2 ಗ್ರಾಂ 6 ಗಂಟೆಗೊಮ್ಮೆ, ಶಾಕ್ ಇದ್ದರೆ ಮೆರೊಪೆನೆಮ್ 1 ಗ್ರಾಂ 8 ಗಂಟೆಗೊಮ್ಮೆ, ಮೆದುಳಿಗೆ ತಾಗಿದ್ದರೆ 2 ಗ್ರಾಂ. ಐವಿ ಕನಿಷ್ಠ ಎರಡು ವಾರ, ಒಳಗೆ ದೊಡ್ಡ ಕೀವುಗಟ್ಟು ಇದ್ದರೆ ನಾಲ್ಕು ವಾರ, ಮೂಳೆಗೆ, ಮೆದುಳಿಗೆ ಇಳಿದಿದ್ದರೆ ಇನ್ನೂ ಹೆಚ್ಚು. ಜ್ವರ ಇಳಿಯಲು ಒಂದು ವಾರದ ಮೇಲೂ ಹಿಡಿಯುತ್ತದೆ, ನಡುವೆ ಔಷಧ ಬದಲಾಯಿಸುವ ಮನಸ್ಸು ಮಾಡಬೇಡಿ.

ಲ್ಯಾಬಿಗೆ 'ಮೆಲಿಯಾಯ್ಡೋಸಿಸ್ ಅನುಮಾನ' ಎಂದು ಫಾರ್ಮಿನಲ್ಲಿ ಬರೆಯಲೇಬೇಕು. ಬರೆಯದಿದ್ದರೆ 'ಸ್ಯೂಡೋಮೊನಾಸ್ ಜಾತಿ' ಎಂದೋ ಕಂಟಾಮಿನೆಂಟ್ ಎಂದೋ ಹೋಗಿಬಿಡುವುದುಂಟು, ಯಂತ್ರಗಳೂ ಕೆಲವೊಮ್ಮೆ ಇದನ್ನು ಬರ್ಕ್‌ಹೋಲ್ಡೇರಿಯಾ ಸೆಪೇಸಿಯಾ ಎಂದು ತಪ್ಪು ಹೆಸರಿಸುತ್ತವೆ. ಆಕ್ಸಿಡೇಸ್ ಪಾಸಿಟಿವ್, ಜೆಂಟಾಮೈಸಿನ್ ಮತ್ತು ಕೊಲಿಸ್ಟಿನ್‌ಗೆ ರೆಸಿಸ್ಟೆಂಟ್, ಆದರೆ ಅಮಾಕ್ಸಿಕ್ಲಾವ್‌ಗೆ ಸೆನ್ಸಿಟಿವ್: ಈ ಮೂರು ಒಂದೇ ವರದಿಯಲ್ಲಿ ಕಂಡರೆ ಲ್ಯಾಬಿಗೆ ಫೋನ್ ಮಾಡಿ. ಸಿಬ್ಬಂದಿಯ ಸುರಕ್ಷತೆಗೂ ಆ ಮಾಹಿತಿ ಬೇಕು, ಪ್ಲೇಟನ್ನು ಮೂಗಿಗೆ ಹಿಡಿದು ವಾಸನೆ ನೋಡುವ ಹಳೆಯ ಅಭ್ಯಾಸ ಇದರಲ್ಲಿ ಅಪಾಯ.

ಡಿಸ್ಚಾರ್ಜ್ ಆದ ಮೇಲಿನದ್ದೇ ಕಷ್ಟದ ಭಾಗ. ಕೋಟ್ರಿಮಾಕ್ಸಜೋಲ್ ಡಿಎಸ್ ಮಾತ್ರೆ, 60 ಕೆಜಿ ಮೇಲಿದ್ದರೆ ಎರಡು, 40ರಿಂದ 60 ಕೆಜಿಗೆ ಒಂದೂವರೆ, ದಿನಕ್ಕೆ ಎರಡು ಸಲ, ಕನಿಷ್ಠ ಮೂರು ತಿಂಗಳು. ಜೊತೆಗೆ ಫೋಲಿಕ್ ಆಸಿಡ್ 5 ಮಿಗ್ರಾಂ. ಮೊದಲ ವಾರಗಳಲ್ಲಿ ಪೊಟ್ಯಾಸಿಯಂ, ಕ್ರಿಯಾಟಿನಿನ್, ರಕ್ತಕಣ ವಾರಕ್ಕೊಮ್ಮೆ ನೋಡಬೇಕು. ಒಳ್ಳೆಯದಾಯಿತೆಂದು ಒಂದು ತಿಂಗಳಿಗೆ ಬಿಟ್ಟವರಲ್ಲಿ ರೋಗ ಮರುಕಳಿಸುವುದು ಉಂಟು. ಮಾತ್ರೆ ಮುಗಿಯುವ ತಾರೀಕನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಕನ್ನಡದಲ್ಲೇ ಬರೆದು, ಊರಿನ ಆಶಾ ಕಾರ್ಯಕರ್ತೆಗೂ ತಿಳಿಸಿ.

---

ಘಟ್ಟದ ಫಿಸಿಷಿಯನ್

ಸೆಫ್ಟಾಜಿಡಿಮ್ ಮತ್ತು ಎರ್ಟಪೆನೆಮ್ ಎರಡಕ್ಕೂ ಇಂಡೆಂಟ್ ಹಾಕುತ್ತೇವೆ. ಕೊನೆಯದಾಗಿ, ಎರಡನೇ ಗುಂಪಿನಲ್ಲಿ ಬಸುರಿ ಬಂದರೆ?

---

ಸೋಂಕುರೋಗ ತಜ್ಞೆ

ಸೆಫ್ಟ್ರಿಯಾಕ್ಸೋನ್ ಹಾಗೇ ಇರಲಿ, ಡಾಕ್ಸಿಸೈಕ್ಲಿನ್ ಜಾಗಕ್ಕೆ ಅಜಿಥ್ರೋಮೈಸಿನ್ 500 ಮಿಗ್ರಾಂ ಐವಿ. ಸ್ಕ್ರಬ್ ಬಸುರಿಯರಲ್ಲಿ ತಾಯಿ-ಮಗು ಇಬ್ಬರಿಗೂ ಅಪಾಯಕಾರಿ, ಆದ್ದರಿಂದ ಎಸ್ಕಾರ್ ಹುಡುಕಾಟ ಮತ್ತು ಮೊದಲ ಡೋಸ್ ಎರಡೂ ಪ್ರಸೂತಿ ವಾರ್ಡಿಗೆ ಕಳಿಸುವ ಮುಂಚೆಯೇ ಆಗಲಿ. ಅಮಿಕಾಸಿನ್ ಬೇಡ, ಮಗುವಿನ ಕಿವಿಗೆ ತೊಂದರೆ ಆಗಬಹುದು.